ಜಾರುವ ಚಕ್ರವೂ ಎಚ್ಚರಿಕೆಯ ದೀಪವೂ

ಮೋಟಾರು ಕಾರನ್ನು ನಡೆಸುವವನ ಎದುರಿಗಿರುವ ಫಲಕದಲ್ಲಿ ಹಲವು ಸಣ್ಣ ದೀಪಗಳಿರುತ್ತವೆ. ಎಂಜಿನ್ನಿನ ಎಣ್ಣೆಯ ಒತ್ತಡ ಕುಗ್ಗಿದರೆ ಒಂದು ಬೆಳಗುತ್ತದೆ. ಬ್ಯಾಟರಿಗೆ ವಿದ್ಯುತ್ತು ತುಂಬದಿದ್ದರೆ ಇನ್ನೊಂದು. ಬಾಗಿಲು ಸರಿಯಾಗಿ ಮುಚ್ಚಿಲ್ಲದಿದ್ದರೆ ಮತ್ತೊಂದು. ಇವುಗಳ ಅರ್ಥವನ್ನು ಊಹಿಸುವುದು ಕಷ್ಟವಲ್ಲ. ಆದರೆ ಈಚಿನ ಕಾರುಗಳಲ್ಲಿ ಕಾಣುವ ಒಂದು ಹಳದಿ ದೀಪ ಮಾತ್ರ ಅನೇಕರಿಗೆ ಒಗಟಾಗಿಯೇ ಉಳಿದಿದೆ. ಅದರಲ್ಲಿ ಒಂದು ಪುಟ್ಟ ಕಾರಿನ ಚಿತ್ರ. ಅದರ ಕೆಳಗೆ ಹಾವು ಹರಿದಂತೆ ಎರಡು ಡೊಂಕು ಗೆರೆಗಳು. ಇದು ‘ಟ್ರ್ಯಾಕ್ಷನ್ ಕಂಟ್ರೋಲ್’, ಎಂದರೆ ಹಿಡಿತ ನಿಯಂತ್ರಣ, ಎಂಬ ವ್ಯವಸ್ಥೆಗೆ ಸೇರಿದ ದೀಪ.

ಮೊದಲು ಈ ವ್ಯವಸ್ಥೆ ಬೆಲೆಬಾಳುವ ಕಾರುಗಳಲ್ಲಿ ಮಾತ್ರ ಇರುತ್ತಿತ್ತು. ಆ ಕಾರುಗಳು ಹಳೆಯವಾಗಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ, ಇಂದು ಕಡೂರು, ತರೀಕೆರೆ, ಅಜ್ಜಂಪುರಗಳಂತಹ ತಾಲ್ಲೂಕು ಕೇಂದ್ರಗಳಿಗೂ ಬಂದು ಸೇರುತ್ತಿವೆ. ತೆಂಗಿನ ತೋಟದ ಒಡೆಯರು, ಅಂಗಡಿಯವರು, ಶಾಲೆಯ ಉಪಾಧ್ಯಾಯರು ಕೂಡಿಟ್ಟ ಹಣದಲ್ಲಿ ಇಂತಹ ಕಾರೊಂದನ್ನು ಕೊಳ್ಳುತ್ತಾರೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಮಾರಿದವನು, “ಅದೊಂದು ಸೆನ್ಸಾರು, ಅದರಿಂದ ಏನೂ ಆಗುವುದಿಲ್ಲ” ಎನ್ನುತ್ತಾನೆ. ದುರಸ್ತಿ ಮಾಡುವವನು, “ಇಡೀ ಯಂತ್ರವನ್ನೇ ಬದಲಾಯಿಸಬೇಕು” ಎನ್ನುತ್ತಾನೆ. ಒಬ್ಬನ ಮಾತನ್ನು ನಂಬಿದರೆ ಪ್ರಾಣಕ್ಕೆ ಅಪಾಯವಾದೀತು. ಇನ್ನೊಬ್ಬನ ಮಾತನ್ನು ನಂಬಿದರೆ ಹಣ ದಂಡವಾದೀತು. ಈ ಇಬ್ಬರ ನಡುವೆ ಸತ್ಯವನ್ನು ಕಂಡುಕೊಳ್ಳಲು ಬೇಕಾದ ಭೌತವಿಜ್ಞಾನವೆಲ್ಲ ನಮ್ಮ ಪ್ರೌಢಶಾಲೆ ಮತ್ತು ಕಾಲೇಜುಗಳ ಪಠ್ಯಪುಸ್ತಕಗಳಲ್ಲಿಯೇ ಇದೆ. ಅದನ್ನು ಈ ದೀಪಕ್ಕೆ ಅನ್ವಯಿಸಿ ನೋಡುವುದೇ ಈ ಲೇಖನದ ಉದ್ದೇಶ.

ಹಿಡಿತವೆಂದರೇನು?

ಎಂಜಿನ್ನು ಚಕ್ರವನ್ನು ತಿರುಗಿಸುತ್ತದೆ ನಿಜ. ಆದರೆ ಕಾರನ್ನು ಮುಂದಕ್ಕೆ ತಳ್ಳುವುದು ರಸ್ತೆ. ಚಕ್ರ ರಸ್ತೆಯನ್ನು ಹಿಂದಕ್ಕೆ ತಳ್ಳುತ್ತದೆ. ರಸ್ತೆ ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಈ ಪರಸ್ಪರ ತಳ್ಳಾಟಕ್ಕೆ ಆಧಾರ ಘರ್ಷಣೆ. ಘರ್ಷಣೆ ಒದಗಿಸಬಲ್ಲ ಬಲಕ್ಕೆ ಒಂದು ಮಿತಿಯುಂಟು: ಚಕ್ರದ ಮೇಲೆ ಬಿದ್ದಿರುವ ಭಾರವನ್ನು ಘರ್ಷಣಾಂಕದಿಂದ ಗುಣಿಸಿದರೆ ಆ ಮಿತಿ ದೊರೆಯುತ್ತದೆ. ಒಣಗಿದ ಡಾಂಬರು ರಸ್ತೆಯ ಮೇಲೆ ರಬ್ಬರಿನ ಘರ್ಷಣಾಂಕ ಸುಮಾರು ೦.೮. ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಅದು ೦.೫ರ ಆಸುಪಾಸಿಗೆ ಇಳಿಯುತ್ತದೆ. ನುಣ್ಣನೆಯ ಕೆಸರಿನ ಮೇಲೆ ೦.೨ ಸಿಕ್ಕಿದರೆ ಅದೇ ಹೆಚ್ಚು.

ಉರುಳುವ ಚಕ್ರದಲ್ಲಿ ನೆಲವನ್ನು ಮುಟ್ಟಿರುವ ಭಾಗ ಆ ಕ್ಷಣದಲ್ಲಿ ನೆಲಕ್ಕೆ ಹೋಲಿಸಿದರೆ ನಿಶ್ಚಲವಾಗಿರುತ್ತದೆ ಎಂಬುದು ಹೊಸದಾಗಿ ಕೇಳಿದವರಿಗೆ ಸೋಜಿಗವೆನಿಸುತ್ತದೆ. ಆದರೆ ಎಂಜಿನ್ನು ಘರ್ಷಣೆಯ ಮಿತಿಯನ್ನು ಮೀರಿ ತಿರುಚಿದರೆ ಚಕ್ರ ನಿಂತಲ್ಲಿಯೇ ಗಿರಗಿರನೆ ಸುತ್ತತೊಡಗುತ್ತದೆ. ಆಗ ಕೆಲಸ ಮಾಡುವುದು ಸ್ಥಿರಘರ್ಷಣೆಯಲ್ಲ, ಅದಕ್ಕಿಂತ ಕಡಮೆಯಾದ ಚಲನಘರ್ಷಣೆ.

ಜಾರಿಕೆಯನ್ನು ಅಂಕಿಗಳಲ್ಲಿ ಹೇಳಬಹುದು. ಚಕ್ರದ ವ್ಯಾಸ ೬೦ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಅದರ ಪರಿಧಿ ಸುಮಾರು ೧.೮೮ ಮೀಟರು. ಕಾರು ಗಂಟೆಗೆ ೩೬ ಕಿಲೋಮೀಟರು, ಎಂದರೆ ಸೆಕೆಂಡಿಗೆ ೧೦ ಮೀಟರು, ವೇಗದಲ್ಲಿ ಹೋಗುತ್ತಿದ್ದರೆ ಚಕ್ರ ಸೆಕೆಂಡಿಗೆ ಸುಮಾರು ೫.೩ ಸುತ್ತು ಸುತ್ತಬೇಕು. ಅದು ೬.೪ ಸುತ್ತು ಸುತ್ತುತ್ತಿದ್ದರೆ ಚಕ್ರದ ಅಂಚಿನ ವೇಗ ಸೆಕೆಂಡಿಗೆ ೧೨ ಮೀಟರು. ಇದರಲ್ಲಿ ೨ ಮೀಟರು ವ್ಯರ್ಥವಾಯಿತು. ಜಾರಿಕೆ ಶೇಕಡ ೧೭ ಎಂದಾಯಿತು. ಅಲ್ಪಸ್ವಲ್ಪ ಜಾರಿಕೆ ಕೆಟ್ಟದ್ದಲ್ಲ. ಡಾಂಬರು ರಸ್ತೆಯಲ್ಲಿ ಜಾರಿಕೆ ಶೇಕಡ ೧೦ರಿಂದ ೨೦ರವರೆಗೆ ಇರುವಾಗಲೇ ರಬ್ಬರಿನ ಹಿಡಿತ ಅತ್ಯಧಿಕವಾಗಿರುತ್ತದೆ. ಅಲ್ಲಿಂದ ಮುಂದೆ ಹಿಡಿತ ಇಳಿಯುತ್ತದೆ. ಇನ್ನೂ ದೊಡ್ಡ ತೊಂದರೆಯೆಂದರೆ, ಚಕ್ರ ಉದ್ದಕ್ಕೆ ಜಾರಿದಾಗ ಅಡ್ಡಕ್ಕೂ ಹಿಡಿತ ಕಳೆದುಕೊಳ್ಳುತ್ತದೆ. ಘರ್ಷಣೆಯೆಂಬುದು ಒಂದೇ ಗಂಟಿನ ಹಣ. ಅದನ್ನೆಲ್ಲ ಮುನ್ನುಗ್ಗುವುದಕ್ಕೆ ಖರ್ಚುಮಾಡಿದರೆ ತಿರುವಿನಲ್ಲಿ ಕಾರನ್ನು ಹಿಡಿದಿಡಲು ಏನೂ ಉಳಿಯದು.

ಒಂದು ಚಕ್ರ ಕೆಸರಿನಲ್ಲಿ

ಕಾರಿನ ಎರಡು ಚಾಲಕಚಕ್ರಗಳ ನಡುವೆ ‘ಡಿಫರೆನ್ಷಿಯಲ್’ ಎಂಬ ಹಲ್ಲುಚಕ್ರಗಳ ಜೋಡಣೆಯಿದೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕಲ್ಲವೆ? ಅದಕ್ಕೆ ಅವಕಾಶ ಕೊಡುವುದೇ ಇದರ ಕೆಲಸ. ಆದರೆ ಇದಕ್ಕೊಂದು ಸ್ವಭಾವವುಂಟು: ಇದು ಎರಡು ಚಕ್ರಗಳಿಗೂ ಯಾವಾಗಲೂ ಸಮನಾದ ತಿರುಚುಬಲವನ್ನೇ ಹಂಚುತ್ತದೆ. ಒಂದು ಚಕ್ರಕ್ಕೆ ಹಿಡಿತವಿಲ್ಲದಿದ್ದರೆ, ಇನ್ನೊಂದಕ್ಕೆ ಎಷ್ಟೇ ಹಿಡಿತವಿದ್ದರೂ, ಅದಕ್ಕೂ ಅಷ್ಟೇ ಅಲ್ಪ ಬಲ.

ಒಂದು ಲೆಕ್ಕ ಮಾಡಿ ನೋಡೋಣ. ಪ್ರಯಾಣಿಕರೂ ಸೇರಿ ಕಾರಿನ ತೂಕ ೧೧೦೦ ಕಿಲೋಗ್ರಾಂ. ಮುಂದಿನ ಎರಡು ಚಾಲಕಚಕ್ರಗಳ ಮೇಲೆ ತಲಾ ೩೦೦ ಕಿಲೋಗ್ರಾಂ ಭಾರ ಬಿದ್ದಿದೆ. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿಗಳ ಮೂಲಕ ಸುಮಾರು ೧೪೦೦ ಮೀಟರು ಎತ್ತರದ ಕೆಮ್ಮಣ್ಣುಗುಂಡಿಗೆ ಹೋಗುವ ಘಟ್ಟದ ದಾರಿಯಲ್ಲಿ ಎದುರು ವಾಹನಕ್ಕೆ ದಾರಿಬಿಡಲು ಕಾರನ್ನು ಪಕ್ಕಕ್ಕೆ ಇಳಿಸಿದ್ದೇವೆ ಎಂದು ಭಾವಿಸಿರಿ. ಬಲಚಕ್ರ ಡಾಂಬರಿನ ಮೇಲಿದೆ, ಘರ್ಷಣಾಂಕ ೦.೮, ಎಡಚಕ್ರ ನೆನೆದ ಜೇಡಿಯ ಮೇಲಿದೆ, ಘರ್ಷಣಾಂಕ ೦.೨. ಎಡಚಕ್ರ ಕೊಡಬಲ್ಲದ್ದು ೬೦ ಕಿಲೋಗ್ರಾಂ ತೂಕದಷ್ಟು ಬಲ. ಡಿಫರೆನ್ಷಿಯಲ್ಲಿನ ಸಮಪಾಲಿನ ನಿಯಮದಿಂದ ಬಲಚಕ್ರಕ್ಕೂ ೬೦, ಒಟ್ಟು ೧೨೦. ಆರು ಅಡಿಗೆ ಒಂದಡಿ ಏರುವ ಇಳಿಜಾರಿನಲ್ಲಿ ಈ ಕಾರು ಮೇಲಕ್ಕೆ ಹೋಗಲು ಸುಮಾರು ೧೮೦ ಕಿಲೋಗ್ರಾಂ ತೂಕದ ಬಲ ಬೇಕು. ಕಾರು ಕದಲದು; ಎಡಚಕ್ರ ಕೆಸರೆರಚುತ್ತಾ ಸುತ್ತುತ್ತದೆ.

ಈಗ ಸುತ್ತುತ್ತಿರುವ ಎಡಚಕ್ರಕ್ಕೆ ಮಾತ್ರ ಬ್ರೇಕು ಹಾಕಿದರೆ? ಎಂಜಿನ್ನು ಆ ಬ್ರೇಕಿನ ವಿರುದ್ಧ ಹೆಚ್ಚಾಗಿ ತಿರುಚಬೇಕಾಗುತ್ತದೆ. ಅಷ್ಟೇ ಹೆಚ್ಚಿನ ಬಲ ಬಲಚಕ್ರಕ್ಕೂ ಹರಿಯುತ್ತದೆ. ಬಲಚಕ್ರ ತನ್ನ ಪೂರ್ಣ ೨೪೦ನ್ನು ಕೊಡಬಲ್ಲದು. ಎಡಚಕ್ರದ ೬೦ ಸೇರಿ ಒಟ್ಟು ೩೦೦. ಕಾರು ಏರುತ್ತದೆ. ಎಡಚಕ್ರವನ್ನು ತಡೆದು ಕಾರನ್ನು ಮುಂದಕ್ಕೆ ಕಳುಹಿಸುವ ಈ ಯುಕ್ತಿಯೇ ಹಿಡಿತ ನಿಯಂತ್ರಣದ ಒಂದು ಕೈ. ಅದರ ಇನ್ನೊಂದು ಕೈ ಎಂಜಿನ್ನಿನ ಬಲವನ್ನೇ ಒಂದಿಷ್ಟು ತಗ್ಗಿಸುವುದು. ಚಾಲಕನ ಕಾಲು ಒತ್ತುತ್ತಿದ್ದರೂ ಗಣಕಯಂತ್ರ ಇಂಧನವನ್ನೂ ಗಾಳಿಯನ್ನೂ ಕಡಮೆಮಾಡುತ್ತದೆ.

ಈ ಆಲೋಚನೆ ತೀರ ಹೊಸದಲ್ಲ. ೧೯೭೧ರಲ್ಲಿಯೇ ಅಮೆರಿಕದ ಬ್ಯೂಯಿಕ್ ಕಾರುಗಳಲ್ಲಿ, ಹಿಂದಿನ ಚಕ್ರಗಳು ಜಾರಿದರೆ ಎಂಜಿನ್ನಿನ ಬಲವನ್ನು ತಗ್ಗಿಸುವ ‘ಮ್ಯಾಕ್ಸ್‌ಟ್ರ್ಯಾಕ್’ ಎಂಬ ಸಾಧನ ಬಂದಿತ್ತು. ೧೯೭೮ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ಬ್ರೇಕು ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಏ.ಬಿ.ಎಸ್. ವ್ಯವಸ್ಥೆಯನ್ನು ವಿದ್ಯುನ್ಮಾನ ರೂಪದಲ್ಲಿ ಮಾರುಕಟ್ಟೆಗೆ ತಂದಿತು. ಚಕ್ರ ನಿಲ್ಲುವುದನ್ನು ತಿಳಿಯಬಲ್ಲ ಯಂತ್ರ ಚಕ್ರ ಅತಿಯಾಗಿ ಸುತ್ತುವುದನ್ನೂ ತಿಳಿಯಬಲ್ಲದಷ್ಟೆ. ಆದ್ದರಿಂದ ೧೯೮೦ರ ದಶಕದಲ್ಲಿ ಏ.ಬಿ.ಎಸ್.ನ ಅದೇ ಸೆನ್ಸಾರುಗಳನ್ನೂ ಕವಾಟಗಳನ್ನೂ ಬಳಸಿಕೊಂಡು ಹಿಡಿತ ನಿಯಂತ್ರಣ ಬೆಳೆಯಿತು. ಭಾರತದಲ್ಲಿ ೨೦೧೯ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೂ ಏ.ಬಿ.ಎಸ್. ಕಡ್ಡಾಯವಾಯಿತು. ಈ ಎರಡು ವ್ಯವಸ್ಥೆಗಳು ಒಂದೇ ಮನೆಯ ಅಣ್ಣತಮ್ಮಂದಿರು ಎಂಬುದನ್ನು ನೆನಪಿಡಬೇಕು. ದೋಷವನ್ನು ಹುಡುಕುವಾಗ ಈ ನಂಟು ಉಪಯೋಗಕ್ಕೆ ಬರುತ್ತದೆ.

ಚಕ್ರದ ಸುತ್ತನ್ನು ಎಣಿಸುವ ಬಗೆ

ಚಕ್ರ ಜಾರುತ್ತಿದೆಯೆಂದು ಗಣಕಯಂತ್ರಕ್ಕೆ ಹೇಗೆ ಗೊತ್ತು? ನಾಲ್ಕು ಚಕ್ರಗಳ ವೇಗವನ್ನೂ ಅದು ಬಿಡದೆ ಅಳೆಯುತ್ತಿರುತ್ತದೆ. ಒಂದು ಚಕ್ರ ಉಳಿದವಕ್ಕಿಂತ ವೇಗವಾಗಿ ಸುತ್ತಿದರೆ ಅದು ಜಾರುತ್ತಿದೆಯೆಂದು ಅರ್ಥ.

ಈ ಅಳತೆಯ ಹಳೆಯ ವಿಧಾನ ಮೈಕೇಲ್ ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯನ್ನು ಅವಲಂಬಿಸಿದೆ. ತಂತಿಯ ಸುರುಳಿಯೊಳಕ್ಕೆ ಕಾಂತವನ್ನು ತೂರಿಸಿ ಹೊರಕ್ಕೆಳೆದರೆ ಗ್ಯಾಲ್ವನೋಮೀಟರಿನ ಮುಳ್ಳು ಅಲುಗುವುದನ್ನು ಪ್ರಯೋಗಶಾಲೆಯಲ್ಲಿ ನೋಡದ ವಿದ್ಯಾರ್ಥಿಯಿಲ್ಲ. ಕಾರಿನಲ್ಲಿ ಚಕ್ರದ ಜೊತೆಗೆ ತಿರುಗುವ ಒಂದು ಹಲ್ಲಿನ ಉಕ್ಕಿನ ಬಳೆಯಿರುತ್ತದೆ. ಅದರ ಎದುರಿಗೆ, ಸುಮಾರು ಒಂದು ಮಿಲಿಮೀಟರು ಸಂದು ಬಿಟ್ಟು, ಕಾಂತವನ್ನು ಒಳಗೊಂಡ ಸುರುಳಿಯಿರುತ್ತದೆ. ಹಲ್ಲು ಎದುರಿಗೆ ಬಂದಾಗ ಕಾಂತರೇಖೆಗಳು ದಟ್ಟವಾಗುತ್ತವೆ, ಹಲ್ಲಿನ ಸಂದು ಬಂದಾಗ ವಿರಳವಾಗುತ್ತವೆ; ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ತು ಹುಟ್ಟುತ್ತದೆ. ಬಳೆಗೆ ೪೮ ಹಲ್ಲುಗಳಿದ್ದರೆ, ಮೇಲೆ ಹೇಳಿದ ೩೬ ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು ೨೫೫ ಮಿಡಿತಗಳು ಹುಟ್ಟುತ್ತವೆ. ಗಣಕಯಂತ್ರ ಈ ಮಿಡಿತಗಳನ್ನು ಎಣಿಸುತ್ತದೆ, ಅಷ್ಟೆ.

ಫ್ಯಾರಡೆಯ ನಿಯಮದಂತೆ ಹುಟ್ಟುವ ವೋಲ್ಟೇಜು ಕಾಂತರೇಖೆಗಳು ಎಷ್ಟು ಬೇಗ ಬದಲಾಗುತ್ತವೆಂಬುದನ್ನು ಅವಲಂಬಿಸಿದೆ. ಆದ್ದರಿಂದ ಕಾರು ತೀರ ನಿಧಾನವಾದಾಗ ಈ ಸೆನ್ಸಾರು ಮೂಕವಾಗುತ್ತದೆ. ಈ ಕೊರತೆಯನ್ನು ನೀಗಲು ಈಚಿನ ಕಾರುಗಳಲ್ಲಿ ಎಡ್ವಿನ್ ಹಾಲ್ ೧೮೭೯ರಲ್ಲಿ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಸೆನ್ಸಾರುಗಳು ಬಂದಿವೆ. ಹಾಲ್ ಪರಿಣಾಮದಲ್ಲಿ ವೋಲ್ಟೇಜು ಕಾಂತಕ್ಷೇತ್ರದ ಬಲವನ್ನು ಅವಲಂಬಿಸಿದೆ, ಅದು ಬದಲಾಗುವ ವೇಗವನ್ನಲ್ಲ. ಆದುದರಿಂದ ಚಕ್ರ ತೆವಳುತ್ತಿದ್ದರೂ ಎಣಿಕೆ ತಪ್ಪದು. ಇಂತಹ ಅನೇಕ ಕಾರುಗಳಲ್ಲಿ ಹಲ್ಲಿನ ಬಳೆಯ ಬದಲು, ಉತ್ತರ ದಕ್ಷಿಣ ಧ್ರುವಗಳು ಒಂದಾದಮೇಲೊಂದು ಬರುವ ಕಾಂತಪಟ್ಟಿಯನ್ನು ಚಕ್ರದ ಬೇರಿಂಗಿನ ಮುಚ್ಚಳದಲ್ಲಿಯೇ ಅಳವಡಿಸಿರುತ್ತಾರೆ.

ದೀಪದ ಭಾಷೆ

ದೀಪವನ್ನು ಕಂಡೊಡನೆ ಗಾಬರಿಯಾಗಬೇಕಿಲ್ಲ. ಮೊದಲು ಅದು ಹೇಗೆ ಬೆಳಗುತ್ತಿದೆ ಎಂಬುದನ್ನು ನೋಡಬೇಕು.

ಜಾರುವ ದಾರಿಯಲ್ಲಿ ಹೋಗುವಾಗ ದೀಪ ಮಿಣಮಿಣನೆ ಮಿನುಗಿ ಆರಿಹೋದರೆ ಅದು ದೋಷವಲ್ಲ. “ನಾನು ಕೆಲಸ ಮಾಡುತ್ತಿದ್ದೇನೆ, ನೀವು ನಿಧಾನವಾಗಿ ಹೋಗಿ” ಎಂಬ ಸೂಚನೆ. ದೀಪದ ಜೊತೆಗೆ ‘ಆಫ್’ ಎಂಬ ಅಕ್ಷರಗಳು ಕಂಡರೆ, ಯಾರೋ ಗುಂಡಿಯನ್ನೊತ್ತಿ ವ್ಯವಸ್ಥೆಯನ್ನು ನಿಲ್ಲಿಸಿದ್ದಾರೆಂದು ತಿಳಿಯಬೇಕು. ಆಳವಾದ ಕೆಸರಿನಲ್ಲಿಯೋ ಮರಳಿನಲ್ಲಿಯೋ ಸಿಕ್ಕಿಬಿದ್ದಾಗ ಚಕ್ರ ಸ್ವಲ್ಪ ಸುತ್ತಿ ಕೆಳಗಿನ ಗಟ್ಟಿನೆಲವನ್ನು ಹುಡುಕಲಿ ಎಂಬ ಉದ್ದೇಶದಿಂದ ಆ ಗುಂಡಿಯನ್ನು ಇಟ್ಟಿರುತ್ತಾರೆ. ಮತ್ತೆ ಒತ್ತಿದರೆ ಸರಿಹೋಗುತ್ತದೆ. ಆದರೆ ಒಣರಸ್ತೆಯಲ್ಲಿಯೂ ದೀಪ ಒಂದೇ ಸಮನೆ ಬೆಳಗುತ್ತಿದ್ದರೆ, ವ್ಯವಸ್ಥೆ ತನ್ನಲ್ಲಿ ದೋಷವನ್ನು ಕಂಡು ತಾನಾಗಿಯೇ ಕೆಲಸ ನಿಲ್ಲಿಸಿದೆ ಎಂದರ್ಥ.

ಆಗ ಸಾಮಾನ್ಯವಾದ ಬ್ರೇಕು ಎಂದಿನಂತೆ ಹಿಡಿಯುತ್ತದೆ. ಕಾರನ್ನು ಎಚ್ಚರಿಕೆಯಿಂದ ಮನೆಗೆ ತರಬಹುದು. ಏ.ಬಿ.ಎಸ್. ದೀಪವೂ ಜೊತೆಗೆ ಬೆಳಗಿದ್ದರೆ, ಜೋರಾಗಿ ಬ್ರೇಕು ಒತ್ತಿದಾಗ ಚಕ್ರಗಳು ಸಿಕ್ಕಿಕೊಂಡು ಕಾರು ಚುಕ್ಕಾಣಿಯ ಮಾತು ಕೇಳದಿರಬಹುದು. ಮಳೆಗಾಲದ ಘಟ್ಟದ ದಾರಿಯಲ್ಲಿ ಇದು ಸಣ್ಣ ವಿಷಯವಲ್ಲ. ಬ್ರೇಕಿನ ಕೆಂಪು ದೀಪವೂ ಬೆಳಗಿದ್ದರಂತೂ ಕಾರನ್ನು ನಡೆಸಲೇಬಾರದು.

ಎರಡು ಹಳದಿ ದೀಪಗಳು ಒಟ್ಟಿಗೆ ಬೆಳಗಿದರೆ, ಅಣ್ಣತಮ್ಮಂದಿರಿಗೆ ಸಮಾನವಾದ ಆಸ್ತಿಯಲ್ಲಿ, ಎಂದರೆ ಚಕ್ರದ ಸೆನ್ಸಾರು, ತಂತಿ, ಪಂಪು ಅಥವಾ ವಿದ್ಯುತ್ ಪೂರೈಕೆಯಲ್ಲಿ, ದೋಷವಿರುವುದು ಹೆಚ್ಚು ಸಂಭವ. ಹಿಡಿತದ ದೀಪ ಒಂದೇ ಬೆಳಗಿದರೆ ಚುಕ್ಕಾಣಿಯ ಕೋನವನ್ನು ಅಳೆಯುವ ಸೆನ್ಸಾರು, ಬ್ರೇಕಿನ ಪೆಡಲಿನ ಸ್ವಿಚ್ಚು ಅಥವಾ ಎಂಜಿನ್ನಿನ ಕಡೆ ಮೊದಲು ನೋಡಬೇಕು. ಎಂಜಿನ್ನಿನ ಬಲವನ್ನು ನಂಬಿಕೆಯಿಂದ ತಗ್ಗಿಸಲಾಗದಿದ್ದರೆ ಹಿಡಿತ ನಿಯಂತ್ರಣ ತಾನೂ ರಜಾ ಹಾಕುತ್ತದೆ.

ದೀಪ ಯಾವಾಗ ಹೊತ್ತಿಕೊಳ್ಳುತ್ತದೆ ಎಂಬುದೂ ಒಂದು ಸುಳಿವು. ಕೀಲಿ ತಿರುಗಿಸಿದೊಡನೆ ಹೊತ್ತಿ ಆರದೆ ಉಳಿದರೆ, ಕಾರು ನಿಂತಿರುವಾಗಲೇ ಗಣಕಯಂತ್ರಕ್ಕೆ ಕಾಣುವ ದೋಷ ಅದು: ತುಂಡಾದ ತಂತಿ, ಕಳಚಿದ ಕೊಂಡಿ, ಕೂಡಿಕೊಂಡ ಮಂಡಲ. ಕಾರು ಹತ್ತಿಪ್ಪತ್ತು ಕಿಲೋಮೀಟರು ವೇಗ ಮುಟ್ಟಿದ ಮೇಲೆ ಹೊತ್ತಿದರೆ ಮಂಡಲ ಸರಿಯಿದೆ, ಮಿಡಿತಗಳಲ್ಲಿ ಲೋಪವಿದೆ: ಒಡೆದ ಬಳೆ, ಹೆಚ್ಚಿದ ಸಂದು, ಕೊಳೆ. ತಿರುವಿನಲ್ಲಿ ಮಾತ್ರ ಹೊತ್ತಿದರೆ ಸಡಿಲಗೊಂಡ ಬೇರಿಂಗು ಅಥವಾ ಚುಕ್ಕಾಣಿಯೊಡನೆ ಬಾಗಿ ಬಾಗಿ ಒಳಗೆ ಹರಿದ ತಂತಿಯಿರಬಹುದು. ಮಳೆಯಲ್ಲಿ ಮಾತ್ರ ಹೊತ್ತಿದರೆ ತಂತಿಯ ಹೊದಿಕೆ ಬಿರಿದು ನೀರು ಸೇರುತ್ತಿರಬಹುದು. ರೋಗಿಯ ಜ್ವರ ಬೆಳಿಗ್ಗೆ ಬರುತ್ತದೆಯೋ ಸಂಜೆ ಬರುತ್ತದೆಯೋ ಎಂದು ವೈದ್ಯರು ಕೇಳುವಂತೆಯೇ ಇದು.

ಮೂರು ಊರುಗಳ ಮಣ್ಣು

ನಮ್ಮ ಸೀಮೆಯ ನೆಲವೂ ಈ ದೀಪದ ಮೇಲೆ ತನ್ನ ಪ್ರಭಾವವನ್ನು ಬೀರುತ್ತದೆ. ಕಡೂರು, ಬೀರೂರು, ತರೀಕೆರೆಗಳು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ಹೆದ್ದಾರಿಯ ಮೇಲಿವೆ. ಕಡೂರಿನ ಕಡೆ ಮಳೆ ಕಡಮೆ, ಧೂಳು ಹೆಚ್ಚು. ತರೀಕೆರೆಯಿಂದ ಪಶ್ಚಿಮಕ್ಕೆ ಹೊರಟರೆ ಮಲೆನಾಡಿನ ಮಳೆ. ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಸುತ್ತ ಎರೆಭೂಮಿಯಿದೆ. ನೀರು ಬಿದ್ದರೆ ಉಬ್ಬಿ ಅಂಟಾಗುವ, ಒಣಗಿದರೆ ಕಲ್ಲಿನಂತಾಗುವ ಮಣ್ಣು ಅದು. ಮಳೆಯಾದ ಮರುದಿನ ಹೊಲದ ದಾರಿಯಲ್ಲಿ ಹೋಗಿಬಂದ ಕಾರಿನ ಚಕ್ರದ ಒಳಮೈಯಲ್ಲಿ ಸೇರುಗಟ್ಟಲೆ ಎರೆಮಣ್ಣು ಮೆತ್ತಿರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಕೆಸರು ಸೆನ್ಸಾರಿನ ‘ಕಣ್ಣನ್ನು ಮುಚ್ಚುತ್ತದೆ’ ಎಂದು ಹಲವರು ಹೇಳುತ್ತಾರೆ. ಸೆನ್ಸಾರು ಬೆಳಕಿನಿಂದ ನೋಡುವುದಿಲ್ಲ, ಕಾಂತಕ್ಷೇತ್ರದಿಂದ ನೋಡುತ್ತದೆ. ಬರಿಯ ಮಣ್ಣು ಕಾಂತರೇಖೆಗಳನ್ನು ತಡೆಯಲಾರದು. ಕೆಮ್ಮಣ್ಣಿನ ಕೆಂಪಿಗೆ ಕಬ್ಬಿಣದ ಆಕ್ಸೈಡು ಕಾರಣ ನಿಜ. ಕೆಮ್ಮಣ್ಣುಗುಂಡಿಯ ಅದಿರು ಬಹುಕಾಲ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿದ್ದುದೂ ನಿಜ. ಆದರೆ ಆ ಕೆಂಪು ಆಕ್ಸೈಡನ್ನು ಕಾಂತ ಸೆಳೆಯುವುದು ಬಹಳ ದುರ್ಬಲವಾಗಿ. ಸೆನ್ಸಾರಿನ ತುದಿಗೆ ಮುಳ್ಳುಮುಳ್ಳಾಗಿ ಅಂಟಿಕೊಳ್ಳುವ ಕಪ್ಪು ಪುಡಿ ಬಹುಮಟ್ಟಿಗೆ ಬ್ರೇಕಿನ ತಟ್ಟೆಯಿಂದ ಸವೆದು ಬಂದ ಕಬ್ಬಿಣ.

ಹಾಗಾದರೆ ಕೆಸರಿನ ಪಾತ್ರವೇನು? ಅದು ತೇವವನ್ನು ಹಿಡಿದಿಡುತ್ತದೆ. ತೇವದಿಂದ ಸೆನ್ಸಾರು ಕುಳಿತ ರಂಧ್ರದ ಸುತ್ತ ತುಕ್ಕು ಬೆಳೆಯುತ್ತದೆ. ತುಕ್ಕಿನ ಗಾತ್ರ ಕಬ್ಬಿಣದ ಗಾತ್ರಕ್ಕಿಂತ ಹೆಚ್ಚು. ಅದು ಸೆನ್ಸಾರನ್ನು ಕೂದಲೆಳೆಯಷ್ಟು ಮೇಲಕ್ಕೆತ್ತುತ್ತದೆ. ಒಂದು ಮಿಲಿಮೀಟರಿನ ಸಂದಿನಲ್ಲಿ ಅರ್ಧ ಮಿಲಿಮೀಟರು ಹೆಚ್ಚಾದರೂ ಮಿಡಿತಗಳು ಕ್ಷೀಣಿಸಲು ಅದು ಸಾಕು. ಒಣಗಿ ಕಲ್ಲಾದ ಮಣ್ಣು ತಂತಿಯನ್ನು ಎಳೆದು ಹರಿಯಲೂಬಹುದು. ಇನ್ನು ತೆಂಗಿನಕಾಯಿಯ ರಾಶಿಯ ಪಕ್ಕದಲ್ಲಿಯೋ ಕಣಜದ ಬಳಿಯೋ ನಿಲ್ಲಿಸಿದ ಕಾರಿನ ತಂತಿಗಳನ್ನು ಇಲಿಗಳು ಕಡಿಯುವುದು ಎಲ್ಲರೂ ಬಲ್ಲ ಸಂಗತಿ.

ಹಳೆಯ ಕಾರುಗಳಿಗೇ ವಿಶೇಷವಾದ ಕಾರಣ ಇನ್ನೊಂದುಂಟು: ಒಂದಕ್ಕೊಂದು ಹೊಂದದ ಟೈರುಗಳು. ಹೊಸ ಟೈರಿನ ಅಚ್ಚಿನ ಆಳ ಸುಮಾರು ೮ ಮಿಲಿಮೀಟರು. ಪೂರ್ಣ ಸವೆದದ್ದರಲ್ಲಿ ೧.೬. ಈ ೬.೪ ಮಿಲಿಮೀಟರಿನ ವ್ಯತ್ಯಾಸ ೩೦೦ ಮಿಲಿಮೀಟರು ತ್ರಿಜ್ಯದಲ್ಲಿ ಶೇಕಡ ೨ರಷ್ಟಾಗುತ್ತದೆ. ಸವೆದ ಚಕ್ರ ಅಷ್ಟು ಹೆಚ್ಚು ಸುತ್ತಬೇಕು. ಇಷ್ಟನ್ನು ಗಣಕಯಂತ್ರ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ. ಆದರೆ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರನ್ನು ಒಂದೇ ಚಕ್ರಕ್ಕೆ ಹಾಕಿದರೆ, ಆ ಚಕ್ರ ಸದಾ ಜಾರುತ್ತಿದೆಯೆಂದೋ ಸೆನ್ಸಾರು ಸುಳ್ಳು ಹೇಳುತ್ತಿದೆಯೆಂದೋ ಗಣಕಯಂತ್ರ ತೀರ್ಮಾನಿಸಬಹುದು. ತಿರುವಿನಲ್ಲಿ ವೇಗಗಳು ಬೇರೆಯಾಗುವುದು ಸಹಜವೆಂದು ಅದಕ್ಕೆ ಗೊತ್ತು. ಹತ್ತು ಮೀಟರು ತ್ರಿಜ್ಯದ ತಿರುವಿನಲ್ಲಿ, ಒಂದೂವರೆ ಮೀಟರು ಅಂತರವಿರುವ ಎರಡು ಚಕ್ರಗಳಲ್ಲಿ ಹೊರಗಿನದು ಒಳಗಿನದಕ್ಕಿಂತ ಶೇಕಡ ೧೬ರಷ್ಟು ಹೆಚ್ಚು ದೂರ ಹೋಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಚುಕ್ಕಾಣಿಯ ಕೋನವನ್ನು ಕೇಳಿ ತಿಳಿದು ಗಣಕಯಂತ್ರ ಇದನ್ನು ಮನ್ನಿಸುತ್ತದೆ. ಚಕ್ರಗಳ ಜೋಡಣೆಯನ್ನು ಸರಿಪಡಿಸಿದ ಮೇಲೆ ಆ ಕೋನದ ಸೊನ್ನೆಯನ್ನು ಮತ್ತೆ ಗೊತ್ತುಮಾಡದಿದ್ದರೆ, ನೇರವಾದ ದಾರಿಯಲ್ಲಿಯೂ ಅದಕ್ಕೆ ತಿರುವು ಕಾಣುತ್ತದೆ, ದೀಪ ಹೊತ್ತುತ್ತದೆ.

ಪರೀಕ್ಷೆಯ ಕ್ರಮ

ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಸುಲಭವಾದುದನ್ನು ಮೊದಲು ನೋಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಕಂಡದ್ದನ್ನು ಬರೆದಿಡಬೇಕು.

ಮೊದಲು ಎಂಜಿನ್ನನ್ನು ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿರಿ. ಕ್ಷಣಿಕವಾದ ಗೊಂದಲವಾಗಿದ್ದರೆ ದೀಪ ಮತ್ತೆ ಬರಲಾರದು. ಬಂದರೆ ಬ್ಯಾಟರಿಯನ್ನು ಅಳೆಯಿರಿ: ಎಂಜಿನ್ನು ನಿಂತಿರುವಾಗ ಸುಮಾರು ೧೨.೬ ವೋಲ್ಟು, ನಡೆಯುತ್ತಿರುವಾಗ ೧೪ರ ಆಸುಪಾಸು ಇರಬೇಕು. ಸೊರಗಿದ ಬ್ಯಾಟರಿ ಇಲ್ಲದ ದೋಷಗಳನ್ನೆಲ್ಲ ಕಾಣಿಸುತ್ತದೆ. ಬಳಿಕ ನಾಲ್ಕು ಟೈರುಗಳ ಅಳತೆ, ಗಾಳಿಯ ಒತ್ತಡ, ಬ್ರೇಕಿನ ದ್ರವದ ಮಟ್ಟ ಇವನ್ನು ನೋಡಬೇಕು. ಪೆಡಲು ಒತ್ತಿದಾಗ ಹಿಂದಿನ ಕೆಂಪು ದೀಪಗಳು ಬೆಳಗುತ್ತವೆಯೇ ಎಂದು ಇನ್ನೊಬ್ಬರಿಂದ ನೋಡಿಸಬೇಕು. ಇಷ್ಟಕ್ಕೆ ಖರ್ಚು ಏನೂ ಇಲ್ಲ.

ಆಮೇಲೆ ಗಣಕಯಂತ್ರದ ನೆನಪನ್ನು ಓದಬೇಕು. ಚುಕ್ಕಾಣಿಯ ಕೆಳಭಾಗದಲ್ಲಿ ೧೬ ಮೊಳೆಗಳ ಒಂದು ಕೊಂಡಿಯಿರುತ್ತದೆ. ಅದಕ್ಕೆ ಓದುಗ ಯಂತ್ರವನ್ನು ಸಿಕ್ಕಿಸಿದರೆ ದೋಷದ ಸಂಕೇತಗಳು ಕಾಣುತ್ತವೆ. ‘ಪಿ’ ಅಕ್ಷರದಿಂದ ಆರಂಭವಾಗುವ ಸಂಕೇತಗಳು ಎಂಜಿನ್ನಿಗೆ, ‘ಸಿ’ಯಿಂದ ಆರಂಭವಾಗುವವು ಚಕ್ರ, ಬ್ರೇಕು, ಚುಕ್ಕಾಣಿಗಳಿಗೆ ಸೇರಿದವು. ಸಿ ೦೦೩೫ ಎಂದರೆ ಮುಂದಿನ ಎಡಚಕ್ರದ ಸೆನ್ಸಾರಿನ ಮಂಡಲ; ಸಿ ೦೦೪೦ ಮುಂದಿನ ಬಲಚಕ್ರದ್ದು; ಸಿ ೦೦೪೫ ಮತ್ತು ಸಿ ೦೦೫೦ ಹಿಂದಿನ ಎಡ ಮತ್ತು ಬಲಚಕ್ರಗಳವು. ತೀರ ಅಗ್ಗದ ಅನೇಕ ಓದುಗ ಯಂತ್ರಗಳು ‘ಪಿ’ ಸಂಕೇತಗಳನ್ನು ಮಾತ್ರ ಓದುತ್ತವೆ. ಅವು “ದೋಷವಿಲ್ಲ” ಎಂದರೆ ನಂಬುವಂತಿಲ್ಲ.

ಸಂಕೇತ ದೋಷದ ವಿಳಾಸವನ್ನು ಹೇಳುತ್ತದೆ, ಅಪರಾಧಿಯ ಹೆಸರನ್ನಲ್ಲ. ‘ಸಿ ೦೦೪೫’ ಎಂದೊಡನೆ ಹೊಸ ಸೆನ್ಸಾರನ್ನು ಕೊಂಡುತರುವುದು ಅವಸರವಾದೀತು. ಸೆನ್ಸಾರು, ತಂತಿ, ಬಳೆ, ಬೇರಿಂಗು ಈ ನಾಲ್ವರಲ್ಲಿ ಯಾರಾದರೂ ತಪ್ಪಿತಸ್ಥರಿರಬಹುದು. ನಾಲ್ಕು ಚಕ್ರಗಳ ವೇಗವನ್ನೂ ಓದುಗ ಯಂತ್ರದಲ್ಲಿ ನೋಡುತ್ತಾ, ಜನಸಂಚಾರವಿಲ್ಲದ ನೇರವಾದ ದಾರಿಯಲ್ಲಿ ನಿಧಾನವಾಗಿ ಸಾಗಬೇಕು. ಅಂಕಿಗಳನ್ನು ನೋಡುವುದು ಪಕ್ಕದಲ್ಲಿ ಕುಳಿತವರ ಕೆಲಸ, ಚಾಲಕನದಲ್ಲ. ಮೂರು ಚಕ್ರಗಳು ೩೦ ಎಂದು ತೋರಿಸುವಾಗ ನಾಲ್ಕನೆಯದು ಸೊನ್ನೆಯಲ್ಲಿಯೇ ನಿಂತರೆ ಸಂಪರ್ಕವೇ ಕಡಿದಿದೆ. ಅದು ೩೦ ಮತ್ತು ೦ಗಳ ನಡುವೆ ನೆಗೆದಾಡಿದರೆ ಸಂದು, ಕೊಳೆ, ಒಡೆದ ಹಲ್ಲು ಇವನ್ನು ಶಂಕಿಸಬೇಕು. ಸದಾ ೩೨ ಎಂದು ತೋರಿಸಿದರೆ ಟೈರನ್ನು ನೋಡಬೇಕು.

ಬಳಿಕ ಆ ಚಕ್ರವನ್ನು ಕಳಚಿ, ಮಣ್ಣು ತೊಳೆದು, ತಂತಿಯನ್ನು ಉದ್ದಕ್ಕೂ ಪರೀಕ್ಷಿಸಬೇಕು. ಕಾರನ್ನು ಜ್ಯಾಕಿನ ಮೇಲೆ ಮಾತ್ರ ನಂಬಿ ನಿಲ್ಲಿಸಬಾರದು. ಗಟ್ಟಿಯಾದ ಆಧಾರ ಕೊಡಬೇಕು. ಸೆನ್ಸಾರಿನ ತುದಿಯನ್ನೂ ಅದು ಕೂರುವ ಜಾಗವನ್ನೂ ಒರಸಿ ತುಕ್ಕು ತೆಗೆದು ಮತ್ತೆ ಕೂರಿಸಿದರೆ ಎಷ್ಟೋ ಸಲ ದೀಪ ಆರಿಹೋಗುತ್ತದೆ. ಆರದಿದ್ದರೆ, ಎಡ ಬಲ ಸೆನ್ಸಾರುಗಳು ಒಂದೇ ತೆರನಾಗಿದ್ದಲ್ಲಿ, ಅವನ್ನು ಅದಲುಬದಲು ಮಾಡುವುದು ಅತ್ಯುತ್ತಮ ಪ್ರಯೋಗ. ದೋಷದ ಸಂಕೇತ ಎಡದಿಂದ ಬಲಕ್ಕೆ ಹೋದರೆ ಸೆನ್ಸಾರೇ ಕೆಟ್ಟಿದೆ. ಸಂಕೇತ ಇದ್ದಲ್ಲಿಯೇ ಇದ್ದರೆ ತಂತಿಯನ್ನೋ ಬಳೆಯನ್ನೋ ನೋಡಬೇಕು. ಹಳೆಯ ಸುರುಳಿ ಸೆನ್ಸಾರಿನ ರೋಧವನ್ನು ಓಮ್ ಮಾಪಕದಿಂದ ಅಳೆಯಬಹುದು. ಸಾಮಾನ್ಯವಾಗಿ ಅದು ಸಾವಿರ ಓಮಿನ ಆಸುಪಾಸಿನಲ್ಲಿರುತ್ತದೆ. ಹಾಲ್ ಸೆನ್ಸಾರನ್ನು ಮಾತ್ರ ಹಾಗೆ ಅಳೆಯಬಾರದು. ಮಾಪಕದ ವಿದ್ಯುತ್ತೇ ಅದನ್ನು ಕೆಡಿಸಬಹುದು. ಕಾಂತಪಟ್ಟಿಯಿರುವ ಬೇರಿಂಗಿನ ಬಳಿ ಬಲವಾದ ಕಾಂತವನ್ನೂ ತರಬಾರದು. ಈಚೆಗೆ ಬೇರಿಂಗು ಬದಲಾಯಿಸಿದ ಕಾರಾದರೆ, ಪಟ್ಟಿಯಿರುವ ಮುಖ ಸೆನ್ಸಾರಿನ ಕಡೆಗಿದೆಯೇ ಎಂದು ವಿಚಾರಿಸಬೇಕು. ತಿರುವುಮುರುವಾಗಿ ಕೂರಿಸಿದರೆ ಬೇರಿಂಗು ಚೆನ್ನಾಗಿಯೇ ಉರುಳುತ್ತದೆ, ಸೆನ್ಸಾರಿಗೆ ಮಾತ್ರ ಏನೂ ಕಾಣದು.

ದೀಪವೇ ಇಲ್ಲದ ಕಾರು

ಕೊಳ್ಳುವ ಮುನ್ನ ಮಾಡಬೇಕಾದ ಒಂದು ಪರೀಕ್ಷೆಯನ್ನು ಕೊನೆಗೆ ಹೇಳಬೇಕು. ಕೀಲಿಯನ್ನು ತಿರುಗಿಸಿ ಎಂಜಿನ್ನನ್ನು ಇನ್ನೂ ಹೊರಡಿಸದಿರುವಾಗ ಫಲಕದ ಎಚ್ಚರಿಕೆಯ ದೀಪಗಳೆಲ್ಲ ಕೆಲವು ಸೆಕೆಂಡು ಬೆಳಗುತ್ತವೆ. ‘ನಾವು ಜೀವದಿಂದಿದ್ದೇವೆ’ ಎಂದು ಹಾಜರಿ ಹೇಳುವ ಕ್ಷಣ ಅದು. ಆ ಹಾಜರಿಯಲ್ಲಿ ಹಿಡಿತದ ದೀಪವೂ ಏ.ಬಿ.ಎಸ್. ದೀಪವೂ ಓಗೊಡಬೇಕು. ವ್ಯವಸ್ಥೆಯುಳ್ಳ ಕಾರಿನಲ್ಲಿ ಅವು ಬೆಳಗದೇ ಇದ್ದರೆ, ಕಾರು ನಿರ್ದೋಷಿಯೆಂದಲ್ಲ, ಸಾಕ್ಷಿಯ ಬಾಯಿ ಮುಚ್ಚಿಸಿದ್ದಾರೆಂದು ಶಂಕಿಸಬೇಕು. ದೀಪವನ್ನು ಕಿತ್ತುಹಾಕಿಯೋ ಮೇಲೆ ಕಪ್ಪುಪಟ್ಟಿ ಅಂಟಿಸಿಯೋ ಮಾರುವವರುಂಟು. ಇನ್ನು ಕೆಲವರು ಮಾರುವ ಮುಂಜಾನೆ ಸಂಕೇತಗಳನ್ನು ಅಳಿಸಿಡುತ್ತಾರೆ. ದೋಷ ಹೋಗಿರುವುದಿಲ್ಲ, ಕಾರು ಸ್ವಲ್ಪ ದೂರ ಓಡಿದರೆ ದೀಪ ಮತ್ತೆ ಬರುತ್ತದೆ. ಆದುದರಿಂದ ಬೀದಿಯ ತುದಿಯವರೆಗೆ ಮಾತ್ರ ಓಡಿಸಿ ನೋಡಿದರೆ ಸಾಲದು. ನಾಲ್ಕಾರು ಕಿಲೋಮೀಟರು, ಕೆಲವು ತಿರುವುಗಳನ್ನೂ ಒರಟು ದಾರಿಯನ್ನೂ ಸೇರಿಸಿ ಓಡಿಸಬೇಕು. ಬಳಿಕ ‘ಸಿ’ ಸಂಕೇತಗಳನ್ನು ಓದಬಲ್ಲ ಯಂತ್ರದಿಂದ ಓದಿಸಿಯೇ ಬೆಲೆಯ ಮಾತಿಗೆ ಕೂರಬೇಕು.

ಜ್ವರ ಬಂದವನಿಗೆ ಉಷ್ಣಮಾಪಕವನ್ನು 
ಒಡೆದುಹಾಕುವುದು ಚಿಕಿತ್ಸೆಯಲ್ಲ. ಹಾಗೆಯೇ ದೀಪವನ್ನು ಆರಿಸುವುದು ದುರಸ್ತಿಯಲ್ಲ. ದೀಪ ತಾನಾಗಿ ಆರುವಂತೆ ಮಾಡುವುದು ದುರಸ್ತಿ. ಫ್ಯಾರಡೆಯ ಸುರುಳಿ, ಹಾಲ್‌ನ ವೋಲ್ಟೇಜು, ನ್ಯೂಟನ್ನನ ನಿಯಮ ಇವು ಪರೀಕ್ಷೆಯ ಕೊಠಡಿಯಲ್ಲಿ ಬರೆದು ಮರೆಯುವ ಉತ್ತರಗಳಲ್ಲ. ಅಜ್ಜಂಪುರದ ಎರೆಹೊಲದ ದಾರಿಯಲ್ಲಿಯೂ ಕೆಮ್ಮಣ್ಣುಗುಂಡಿಯ ತಿರುವಿನಲ್ಲಿಯೂ ಅವು ಪ್ರತಿಕ್ಷಣ ನಾಲ್ಕು ಚಕ್ರಗಳ ಬಳಿ ಕಾವಲಿರುತ್ತವೆ. ಕಾವಲುಗಾರ ಕೂಗಿದಾಗ ಏಕೆ ಕೂಗಿದನೆಂದು ವಿಚಾರಿಸುವಷ್ಟು ತಾಳ್ಮೆ ನಮ್ಮಲ್ಲಿದ್ದರೆ, ಹಣವೂ ಉಳಿದೀತು, ಮಳೆಯ ರಾತ್ರಿಯಲ್ಲಿ ಮನೆಯವರು ಸುಖವಾಗಿ ಮನೆಯನ್ನೂ ಸೇರಿಯಾರು.